ಸೂಜಿ ಮೇಲೇಳುವ ಹೊತ್ತು

ಹೊನ್ನಾಳಿ
ತಾ. 5-6-1979

ಶ್ರೀಮಜ್ಜಗಳೂರು ಪಟ್ಟಣ ನಿವಾಸಿನಿ, ಅಖಿಲ ರವಿಕೆ ಲಂಗ ಚಡ್ಡಿ ಸಾಮ್ರಾಜ್ಯಾಧೀಶ್ವರಿ, ಕಾಜಾ ಗುಂಡಿ ಕುಲತಿಲಕೆ, ಮುರುಗೇಶಪ್ಪನವರ ಧರ್ಮಪತ್ನಿ, ತಿಪ್ಪಮ್ಮನವರ ಏಕಮಾತ್ರ ಸೊಸೆ, ಪೂರ್ವಾಶ್ರಮದಲ್ಲಿ ನನ್ನ ಕಿವಿ ಹಿಂಡುತ್ತಿದ್ದ ಮಹಾರಾಜಶ್ರೀ ಶಿವಗಂಗಮ್ಮನವರ ದಿವ್ಯ ಸನ್ನಿಧಾನಕ್ಕೆ, ಪಿ.ಯು.ಸಿ.ಯ ಮೇಲೆ ಎರಡು ಸಲ ದಂಡೆತ್ತಿ ಹೋಗಿ ಬರಿಗೈಲಿ ಮರಳಿ ಈಗ ಮೂರನೆಯ ಯುದ್ಧಕ್ಕೆ ಸಿದ್ಧನಾಗುತ್ತಿರುವ ತಮ್ಮ ಹಾಲೇಶನು ಮಾಡುವ ದೀರ್ಘದಂಡ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ, ನನ್ನ ಮಾನವೊಂದನ್ನು ಬಿಟ್ಟು. ಅದು ಹೋದ ಬಗೆಯನ್ನು ಅರಿಕೆ ಮಾಡಿಕೊಳ್ಳುತ್ತೇನೆ. ನಿನ್ನ ಕಾರ್ಡು ಬಂತು. ಎರಡು ವರ್ಷದಿಂದ ಮುಖ ತೋರಿಸದ ಅಕ್ಕ ಮೂರು ಸಾಲು ಬರೆದಿದ್ದಾಳೆ. ಅದರಲ್ಲಿ ಎರಡು ಸಾಲು ಅವ್ವನ ಮಂಡಿನೋವಿಗೆ, ಒಂದು ಸಾಲು ಮಿಷಿನ್ನಿಗೆ: "ಅವ್ವ ಕೊಟ್ಟ ಮಿಷಿನ್ನು ಹೊಲಿಗೆ ಬಿಡುತ್ತಿದೆ, ಗೌಸ್‌ಪೀರ್ ಸಾಬರನ್ನು ಕೇಳಿ ಬರಿ." ತಮ್ಮನಿಗೆ ಒಂದು ಅಕ್ಷರವೂ ಇಲ್ಲ. ಇರಲಿ. ಕಾರ್ಡು ಹಿಡಿದು ಬಸ್‌ಸ್ಟ್ಯಾಂಡ್ ಪಕ್ಕದ ಸಾಬರ ರಿಪೇರಿ ಅಂಗಡಿಗೆ ಹೋದೆ. ಹತ್ತು ಜನರ ಮುಂದೆ ಅವರು ನಕ್ಕರು.

"ಏನ್ರೀ ಹಾಲೇಶಪ್ಪ, ನಾನು ಎಣ್ಣೆ ಹಾಕಿ ಕಳಿಸಿದ ಮಿಷಿನ್ನು ಅದು. ತಾನಾಗಿ ಟೈಮಿಂಗ್ ಬಿಡಂಗಿಲ್ಲ. ಕೌದಿ ಗಿವದಿ, ದಪ್ಪಂದು ಏನೋ ತುರುಕ್ಯಾರೆ."

ಅವರು ವಿವರಿಸಿದ್ದನ್ನು ಮೂಢರಿಗೂ ತಿಳಿಯುವಂತೆ ಬರೆಯುತ್ತೇನೆ. ಮೇಲಿನಿಂದ ಸೂಜಿ ದಾರ ತರುತ್ತದೆ. ಕೆಳಗೆ ಬಾಬಿನ್ನಿನ ಸುತ್ತ ತಿರುಗುವ ಶಟಲ್ಲಿಗೆ ಒಂದು ಚೂಪು ಮೂತಿ ಇದೆ. ಆ ಮೂತಿ ಸರಿಯಾದ ಹೊತ್ತಿಗೆ ಬಂದು ಸೂಜಿಯ ದಾರವನ್ನು ಹಿಡಿಯಬೇಕು. ಹಿಡಿದರೆ ಹೊಲಿಗೆ. ನಮ್ಮ ಹೊನ್ನಾಳಿ ಬಸ್ಸು ದಾವಣಗೆರೆ ಮುಟ್ಟುವ ಹೊತ್ತಿಗೆ ನಿಮ್ಮ ಜಗಳೂರು ಬಸ್ಸು ಹೊರಟುಹೋಗಿರುತ್ತದಲ್ಲ, ಹಾಗಾದರೆ ಹೊಲಿಗೆ ತಪ್ಪಿತು. ಇದಕ್ಕೆ ಟೈಮಿಂಗ್ ಎಂದು ಹೆಸರು.

ಮೊದಲು ಸೂಜಿ ಬದಲಾಯಿಸು. ಹೊಸ ಸೂಜಿಯ ಚಪ್ಪಟೆ ಬದಿ ಎಡಕ್ಕಿರಲಿ, ಅದನ್ನು ಮೇಲಕ್ಕೆ ಮುಟ್ಟುವ ತನಕ ಒತ್ತಿ ಸ್ಕ್ರೂ ಬಿಗಿ ಮಾಡು. ಅದಕ್ಕೂ ಬಗ್ಗದಿದ್ದರೆ ಮಿಷಿನ್ನು ಹೊತ್ತು ಹೊನ್ನಾಳಿಗೆ ಬಾ, ಸಾಬರು ಅರ್ಧ ಗಂಟೆಯಲ್ಲಿ ಕೊಡುತ್ತಾರೆ.

ಕಡೆಯದಾಗಿ ಒಂದು ವಿಚಾರಣೆ. ಎಂಟು ಪದರದ ಕೌದಿಯನ್ನು ಮಿಷಿನ್ನಿನ ಬಾಯಿಗೆ ತುರುಕಿದ ಆ ಮಹಾಬುದ್ಧಿವಂತರು ಯಾರು? ಅವರಿಗೆ ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು, ಎತ್ತಿನ ಗಾಡಿಯಲ್ಲಿ ಮೆರವಣಿಗೆ ಮಾಡಬೇಕೆಂದು ಹೊನ್ನಾಳಿ ಮಹಾಜನತೆ ತೀರ್ಮಾನಿಸಿದೆ.

ಇಂತಿ ಪಾದಧೂಳಿ,
ಹಾಲೇಶ

*

ಜಗಳೂರು
ತಾ. 11-6-1979

ಹಾಲೇಶನಿಗೆ ಗಂಗಕ್ಕನ ಆಶೀರ್ವಾದ. ಕೊಡಬಾರದು ಅನ್ನಿಸಿದರೂ ಕೊಟ್ಟಿದ್ದೇನೆ.

ಈ ಮನೆಗೆ ಬಂದ ಪತ್ರವನ್ನು ನಿಮ್ಮ ಭಾವ ಜಗುಲಿ ಮೇಲೆ ಕೂತು ಗಟ್ಟಿಯಾಗಿ ಓದುತ್ತಾರೆ, ಅತ್ತೆ ಕಂಬಕ್ಕೆ ಒರಗಿ ಕೇಳುತ್ತಾರೆ ಎಂದು ನನ್ನ ಮದುವೆಯಾದ ವರ್ಷವೇ ನಿನಗೆ ಹೇಳಿದ್ದೆ. ನೀನು ಬರೆದ ಸಾಮ್ರಾಜ್ಯ, ಕುಲತಿಲಕ ಎಲ್ಲ ಓದಿ ಇವರು ನಕ್ಕರು. ಅತ್ತೆಯೂ ನಕ್ಕರು. ಕೌದಿಯ ಹತ್ತಿರ ಬಂದಾಗ ಇವರ ದನಿ ನಿಂತಿತು. ಅತ್ತೆಯೇ "ಓದು, ಯಾಕೆ ನಿಲ್ಲಿಸ್ದಿ" ಅಂದರು. ಓದಿದರು. ಶಾಲು, ತೆಂಗಿನಕಾಯಿ, ಎತ್ತಿನ ಗಾಡಿ, ಎಲ್ಲ ಓದಿದರು. ಅತ್ತೆ ಎದ್ದು ಒಳಗೆ ಹೋದರು. ಇವತ್ತಿಗೆ ಮೂರು ದಿನ, ನನ್ನ ಕೈಯಿಂದ ನೀರು ಮುಟ್ಟಿಲ್ಲ. ನಡುಮನೆಯ ಮೂಲೆಯಲ್ಲಿ ಅರ್ಧ ಹೊಲಿದ ಕೌದಿಯೊಂದು ಬಿದ್ದಿದೆ. ಯಾರದು ಎಂದು ನಾನು ಬರೆಯುವುದಿಲ್ಲ, ನಿನಗೆ ತಿಳಿದರೆ ಸಾಕು. ಮೊದಲ ಕಾರ್ಡಿನಲ್ಲಿ ನಾನು ಏಕೆ ಒಂದೇ ಸಾಲು ಬರೆದೆ ಎಂಬುದೂ ಈಗ ತಿಳಿಯಲಿ.

ನಿನಗೆ ಇದೆಲ್ಲ ಆಟ. ನನಗೆ ಏನು ಎಂದು ಹೇಳುತ್ತೇನೆ ಕೇಳು. ಇಲ್ಲಿಯ ಮಹಿಳಾ ಮಂಡಳಿಯಲ್ಲಿ ಹೊಲಿಗೆ ಕ್ಲಾಸು ಮಾಡುತ್ತಿದ್ದಾರೆ. ಕಲಿಸುವವಳ ಕೆಲಸಕ್ಕೆ ನಾನೂ ಹೆಸರು ಕೊಟ್ಟಿದ್ದೇನೆ, ಮಾರಪ್ಪನ ಹೆಂಡತಿ ಲಕ್ಷ್ಮಕ್ಕನೂ ಕೊಟ್ಟಿದ್ದಾಳೆ. ಜುಲೈ ಹದಿನಾರಕ್ಕೆ ದುರ್ಗದಿಂದ ಒಬ್ಬ ಮೇಡಮ್ಮು ಬಂದು ನಮ್ಮ ನಮ್ಮ ಮಿಷಿನ್ನಿನ ಮೇಲೆ ಹೊಲಿಸಿ ನೋಡುತ್ತಾರೆ. ಮಿಷಿನ್ನು ಓಡದವಳ ಹೆಸರು ಅಲ್ಲೇ ಹೊಡೆದುಹಾಕುತ್ತಾರೆ. ಲಕ್ಷ್ಮಕ್ಕನದು ಹೊಸದು, ಬೆಣ್ಣೆಯ ಹಾಗೆ ಓಡುತ್ತದೆ. ಇಲ್ಲಿ ರಿಪೇರಿ ಮಾಡುವವನು ಮಗಳ ಊರಿಗೆ ಹೋದವನು ಆಗಸ್ಟಿಗೆ ಬರುತ್ತಾನಂತೆ.

ಸೂಜಿ ಬದಲಾಯಿಸಿದೆ. ಇನ್ನೂ ನಾಲ್ಕು ಹೊಲಿಗೆಗೆ ಮೂರು ಬಿಡುತ್ತಿದೆ. ಮುಂದೆ ಯಾವ ಸ್ಕ್ರೂ ಬಿಚ್ಚಬೇಕು, ಎಷ್ಟು ಬಿಚ್ಚಬೇಕು, ಅಷ್ಟು ಮಾತ್ರ ಬರಿ. ನಗೆಚಾಟಿಕೆ ಒಂದಕ್ಷರ ಇದ್ದರೂ ಒಲೆಗೆ ಹಾಕುತ್ತೇನೆ.

ಈ ಪತ್ರವನ್ನು ಪಕ್ಕದ ಮನೆಯ ನೂರ್‌ಜಹಾನ್ ಕೈಯಲ್ಲಿ ಡಬ್ಬಿಗೆ ಹಾಕಿಸುತ್ತಿದ್ದೇನೆ.

ಗಂಗಕ್ಕ

*

ಹೊನ್ನಾಳಿ
ತಾ. 16-6-1979

ವಿಷಯ: ಹೊಲಿಗೆ ಯಂತ್ರದ ಟೈಮಿಂಗ್ ಸರಿಪಡಿಸುವ ಬಗ್ಗೆ.
ಉಲ್ಲೇಖ: ಗಂಗಕ್ಕನವರ 11-6-79ರ ಬೈಗುಳ ಪತ್ರ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಪೂಜ್ಯ ತಿಪ್ಪಮ್ಮ ಅತ್ತೆಯವರ ಸಮ್ಮುಖದಲ್ಲಿ ತಿಳಿಯಪಡಿಸುವುದೇನೆಂದರೆ, ಹಿಂದಿನ ಪತ್ರದಲ್ಲಿ ಬಂದ ಕೌದಿ ಎಂಬ ಶಬ್ದವನ್ನೂ ಅದರ ಹಿಂದೆ ಮುಂದೆ ಇದ್ದ ಶಬ್ದಗಳನ್ನೂ ಈ ಮೂಲಕ ಹಿಂದಕ್ಕೆ ಪಡೆಯಲಾಗಿದೆ. ಎತ್ತಿನ ಗಾಡಿಯನ್ನು ರದ್ದು ಮಾಡಲಾಗಿದೆ. ಭಾವನವರು ಇಷ್ಟನ್ನು ಗಟ್ಟಿಯಾಗಿ ಓದಬೇಕಾಗಿ ವಿನಂತಿ.

ಇನ್ನು ಕೆಲಸ. ಸಾಬರನ್ನು ಕೇಳಿ ಬರೆಯುತ್ತಿದ್ದೇನೆ. ಮಿಷಿನ್ನಿನ ತಲೆಯ ಎಡಮಗ್ಗುಲಿಗೆ ಒಂದು ತಗಡಿನ ಮುಚ್ಚಳವಿದೆ, ಅದನ್ನು ಬಿಚ್ಚು. ಒಳಗೆ ಸೂಜಿಯನ್ನು ಹಿಡಿದು ಮೇಲೆ ಕೆಳಗೆ ಆಡುವ ಉಕ್ಕಿನ ಕಡ್ಡಿ ಕಾಣುತ್ತದೆ. ಆ ಕಡ್ಡಿಯನ್ನು ಒಂದು ಸ್ಕ್ರೂ ಹಿಡಿದಿದೆ. ದಪ್ಪ ಬಟ್ಟೆಗೆ (ಯಾವ ಬಟ್ಟೆ ಎಂದು ಹೇಳುತ್ತಿಲ್ಲ) ಸೂಜಿ ಗುದ್ದಿದರೆ ಕಡ್ಡಿ ಮೇಲಕ್ಕೆ ಜಾರುತ್ತದೆ. ಆಮೇಲೆ ಸೂಜಿ ಸಾಕಷ್ಟು ಕೆಳಗಿಳಿಯುವುದಿಲ್ಲ, ಮೂತಿಗೆ ದಾರ ಸಿಗುವುದಿಲ್ಲ.

ಹೊಲಿಗೆ ಬೀಳುವ ಜಾಗದ ತಗಡು, ಬಾಬಿನ್ ಎರಡನ್ನೂ ತೆಗೆದು ಒಳಗೆ ಕಾಣುವಂತೆ ಮಾಡಿಕೊ. ಚಕ್ರವನ್ನು ನಿನ್ನ ಕಡೆಗೆ ಕೈಯಲ್ಲಿ ತಿರುಗಿಸು, ಎಂದೂ ಆಚೆಗಲ್ಲ. ಸೂಜಿ ಪೂರ್ತಿ ಕೆಳಕ್ಕೆ ಇಳಿಯಲಿ. ಈಗ ಶಟಲ್ಲಿನ ಮೂತಿ ಸೂಜಿಯ ಕಣ್ಣಿಗಿಂತ ಕೂದಲೆಳೆ ಮೇಲೆ ಇದೆಯೇ ನೋಡು. ಇಲ್ಲದಿದ್ದರೆ ಸ್ಕ್ರೂ ಸಡಿಲಿಸಿ, ಕಡ್ಡಿಯನ್ನು ಮೇಲಕ್ಕೋ ಕೆಳಕ್ಕೋ ಸರಿಸಿ, ಅಲ್ಲಿಗೆ ತಂದು ಬಿಗಿ ಮಾಡು. ಮುಗಿಯಿತು.

ಇಷ್ಟರಿಂದಲೂ ಆಗದಿದ್ದರೆ ಊರಿಗೆ ತರುವುದೇ ಉಳಿದಿರುವ ದಾರಿ. ಬಸ್ಸಿನ ಮೇಲೆ ಹಾಕಿಸು, ದಾವಣಗೆರೆಗೆ ನಾನೇ ಬಂದು ಇಳಿಸಿಕೊಳ್ಳುತ್ತೇನೆ.

ತಮ್ಮ ವಿಧೇಯ,
ಹಾಲೇಶ

*

ಜಗಳೂರು
ತಾ. 26-6-1979

ಹಾಲೇಶ,

ಮೊದಲು ನಾಲ್ಕಕ್ಕೆ ಒಂದು ಹೊಲಿಗೆಯಾದರೂ ಬೀಳುತ್ತಿತ್ತು. ನೀನು ಹೇಳಿದಂತೆ ಮಾಡಿದ ಮೇಲೆ ಒಂದೂ ಬೀಳುತ್ತಿಲ್ಲ. ಸೂಜಿ ಸುಮ್ಮನೆ ಬಟ್ಟೆಗೆ ತೂತು ಹಾಕಿಕೊಂಡು ಹೋಗುತ್ತದೆ, ದಾರ ಮೇಲೆಯೇ ತೇಲುತ್ತದೆ. ಐದು ಸಲ ಬಿಚ್ಚಿ ಐದು ಸಲ ಹಾಕಿದೆ. ಸೂಜಿ ಪೂರ್ತಿ ಕೆಳಗೆ, ಮೂತಿ ಕಣ್ಣಿಗಿಂತ ಕೂದಲೆಳೆ ಮೇಲೆ. ನೀನು ಬರೆದದ್ದು ಹಾಗೆಯೇ ಇದೆ, ಹೊಲಿಗೆ ಮಾತ್ರ ಇಲ್ಲ.

ನಿನ್ನ ರದ್ದುಪತ್ರ ಕೇಳಿ ಅತ್ತೆ "ಹಂಗಿಸೋದ್ರಾಗೂ ಸರ್ಕಾರ ಮಾಡ್ತಾನೆ ಇವನು" ಅಂದರು. ಆವರಣದೊಳಗೆ ಬರೆದ ಮಾತನ್ನೂ ಇವರು ಬಿಡದೆ ಓದಿದರು. ಅತ್ತೆ ಮತ್ತೆ ಎದ್ದು ಒಳಗೆ ಹೋದರು.

ನಿನ್ನೆ ಲಕ್ಷ್ಮಕ್ಕ ಸಕ್ಕರೆ ಕೇಳುವ ನೆಪದಲ್ಲಿ ಬಂದು ಮಿಷಿನ್ನಿನ ಮುಚ್ಚಳ ತೆಗೆದಿಟ್ಟಿದ್ದನ್ನು ನೋಡಿ ಹೋದಳು. "ಪಾಪ, ಹಳೇದಲ್ಲೇನವ್ವ, ಅದಕ್ಕೂ ವಯಸ್ಸಾಗ್ತೈತಿ" ಅಂದಳು. ಅತ್ತೆ ಅವಳು ಹೋದ ಮೇಲೆ ನನ್ನ ಕಡೆ ನೋಡದೆ ಗೋಡೆಗೆ ಹೇಳಿದರು: "ಅಟ್ಟಕ್ಕೆ ಹಾಕು ಅದನ್ನ, ಕಂಡೋರೆಲ್ಲ ನೋಡಿ ಹೋಗಾಕೆ ಏನು ತೇರೇ ಅದು."

ಇಪ್ಪತ್ತು ದಿನ ಉಳಿದಿದೆ. ಸಾಬರನ್ನು ಇನ್ನೊಂದು ಸಲ ಸರಿಯಾಗಿ ಕೇಳು. ಏನೋ ಬಿಟ್ಟಿದ್ದೀ.

ಗಂಗಕ್ಕ

*

ಹೊನ್ನಾಳಿ
ತಾ. 30-6-1979

ಅಕ್ಕ,

ಏನೂ ಬಿಟ್ಟಿಲ್ಲ. ನನ್ನ ಪತ್ರದ ನಕಲನ್ನು ಸಾಬರಿಗೆ ಓದಿ ಹೇಳಿದೆ. "ಎಲ್ಲಾ ಬರಾಬರ್ ಐತೆ" ಅಂದರು. ಬರಾಬರ್ ಇಲ್ಲದಿರುವುದು ನಿನ್ನ ಕೈ. ಸ್ಕ್ರೂ ಬಿಗಿ ಮಾಡುವಾಗ ಕಡ್ಡಿ ಅಲುಗಿರುತ್ತದೆ, ಅದನ್ನು ನೋಡದೆ ತಪ್ಪೆಲ್ಲ ನನ್ನ ತಲೆಗೆ ಕಟ್ಟುತ್ತೀ. ಹೊನ್ನಾಳಿಯಲ್ಲಿ ಕೂತು ಜಗಳೂರಿನ ಸ್ಕ್ರೂ ತಿರುಗಿಸಲು ನಾನೇನು ಪವಾಡ ಪುರುಷನೇ?

ಮೂರು ಪತ್ರದಿಂದ ಒಂದೇ ಮಾತು ಹೇಳುತ್ತಿದ್ದೇನೆ, ತೆಗೆದುಕೊಂಡು ಬಾ ಎಂದು. ನೀನು ಅದೊಂದಕ್ಕೆ ಉತ್ತರ ಬರೆಯುವುದಿಲ್ಲ. ಯಾಕೆ? ಬಸ್ಸಿಲ್ಲವೇ? ಎರಡು ಪಂಚಮಿ ಹೋದವು, ಜೋಕಾಲಿ ಕಟ್ಟಿ ಅವ್ವ ಬಾಗಿಲು ನೋಡಿದಳು. ಒಂದು ವರ್ಷ ಅತ್ತೆಗೆ ಜ್ವರ, ಒಂದು ವರ್ಷ ಭಾವನಿಗೆ ಕಡಲೆಕಾಯಿ ಮಿಲ್ಲಿನಲ್ಲಿ ರಜೆಯಿಲ್ಲ. ಗಟ್ಟಿಯಾಗಿ ಓದುತ್ತಾರಲ್ಲ, ಇದನ್ನೂ ಓದಲಿ: ನಮ್ಮ ಅಕ್ಕನನ್ನು ಮದುವೆ ಮಾಡಿ ಕಳಿಸಿದೆವೋ, ಮಿಷಿನ್ನಿನ ಜೊತೆಗೆ ಬಂದ ಸ್ಟೂಲು ಎಂದು ಕಳಿಸಿದೆವೋ? ಸ್ಟೂಲಾದರೂ ಆಗಾಗ ಜಾಗ ಬದಲಾಯಿಸುತ್ತದೆ.

ಸಿಟ್ಟು ಬಂದರೆ ಬರಲಿ. ನನಗೂ ಬಂದಿದೆ.

ಹಾಲೇಶ

*

ಜಗಳೂರು
ತಾ. 6-7-1979

ಹಾಲೇಶ,

ಓದಿದರು. ಸ್ಟೂಲಿನ ತನಕ ಓದಿದರು.

ಅತ್ತೆ ಕಂಬ ಬಿಟ್ಟು ಎದ್ದು ನನ್ನ ಎದುರಿಗೆ ಬಂದು ನಿಂತರು. ಇಪ್ಪತ್ತೆಂಟು ದಿನದ ಮೇಲೆ ನನ್ನ ಮುಖ ನೋಡಿ ಮಾತಾಡಿದರು. "ಕಟ್ಟಿಹಾಕೀವೇನೇ ನಿನ್ನ? ಹೇಳು, ಇಲ್ಲೇ ಹೇಳು, ಅವನೂ ಕೇಳ್ಲಿ." ನಿಮ್ಮ ಭಾವ ಪತ್ರ ಮಡಿಚಿ ಜೇಬಿಗಿಟ್ಟುಕೊಂಡು, ಉಣ್ಣದೆ ಮಿಲ್ಲಿಗೆ ಹೋದರು. ಅವರು ನಿನಗೆ ಏನು ಮಾಡಿದ್ದರು? ನಿನ್ನ ಎರಡು ಸಲದ ಫೇಲಿಗೂ ಬೀದಿಯಲ್ಲಿ "ನಮ್ಮ ಹುಡುಗ ಬುದ್ಧಿವಂತ, ಪೇಪರೇ ಸರಿಯಿರಲಿಲ್ಲ" ಎಂದು ಹೇಳಿಕೊಂಡು ಓಡಾಡಿದವರು ಅವರು.

ನಿನಗೆ ಗೊತ್ತಿಲ್ಲದ್ದನ್ನು ಈಗ ಹೇಳುತ್ತೇನೆ. ಜ್ವರ ಬಂದದ್ದು ನಿಜ, ಎರಡು ದಿನಕ್ಕೆ ಬಿಟ್ಟದ್ದೂ ನಿಜ. ರಜೆಯೂ ಸಿಕ್ಕಿತ್ತು. ಯಾರೂ ತಡೆಯಲಿಲ್ಲ. ನಾನೇ ಬರಲಿಲ್ಲ. ಪಂಚಮಿ ಮುಂದೆ ಈ ಕೇರಿಯ ಹುಡುಗಿಯರ ಲಂಗವೆಲ್ಲ ನನ್ನ ಮನೆಯಲ್ಲಿರುತ್ತದೆ. ಹಬ್ಬದ ಬೆಳಿಗ್ಗೆ ಅವರು ಅದನ್ನು ಉಟ್ಟುಕೊಂಡು ಬಂದು ಬಾಗಿಲಲ್ಲಿ ಒಂದು ಸುತ್ತು ತಿರುಗಿ ತೋರಿಸುತ್ತಾರೆ. ಅದನ್ನು ಬಿಟ್ಟು ಬರಲು ನನಗೇ ಮನಸ್ಸಾಗಲಿಲ್ಲ. ಅವ್ವನಿಗೆ ಹೀಗೆಂದು ಬರೆಯಲು ನಾಚಿಕೆಯಾಗಿ ಜ್ವರ, ರಜೆ ಎಂದು ಬರೆದೆ. ಸಾಕೇ?

ಈಗ ಕೆಟ್ಟ ಮಿಷಿನ್ನು ಹೊತ್ತುಕೊಂಡು ಬರಬೇಕಂತೆ. ಜಗಳೂರು ಬಸ್‌ಸ್ಟ್ಯಾಂಡಿನಲ್ಲಿ ಲಕ್ಷ್ಮಕ್ಕನಿಂದ ಹಿಡಿದು ಎಲ್ಲರೂ ನೋಡುತ್ತಾರೆ, ಗಂಗಮ್ಮ ಮಿಷಿನ್ನು ಕಟ್ಟಿಕೊಂಡು ತವರಿಗೆ ಹೊರಟಳು ಎಂದು. ಆಮೇಲೆ ಯಾವ ಮೇಡಮ್ಮಿನ ಮುಂದೆ ನಿಲ್ಲಲಿ? ನಾನು ತವರಿಗೆ ಬಂದರೆ ಕೈಬೀಸಿಕೊಂಡು ಬರುತ್ತೇನೆ. ಕೆಟ್ಟದ್ದನ್ನು ಹೊತ್ತು ಬರುವುದಿಲ್ಲ.

ಇನ್ನು ನೀನು ಬರೆಯಬೇಡ. ನಿನ್ನ ನಮಸ್ಕಾರವೂ ಬೇಡ, ಸ್ಕ್ರೂವೂ ಬೇಡ.

ಶಿವಗಂಗಮ್ಮ

*

ಹೊನ್ನಾಳಿ
ತಾ. 10-7-1979

ಅಕ್ಕ,

ಬರೆಯಬೇಡ ಅಂದಿದ್ದೀ. ಇದು ಪತ್ರವಲ್ಲ, ಕಾರ್ಡು.

ಸೂಜಿ ಪೂರ್ತಿ ಕೆಳಗಿಳಿದ ಮೇಲೆ ಅಲ್ಲೇ ನಿಲ್ಲಿಸಬೇಡ. ಚಕ್ರವನ್ನು ನಿನ್ನ ಕಡೆಗೇ ಇನ್ನಷ್ಟು ತಿರುಗಿಸಿ, ಸೂಜಿ ಒಂದು ಅಕ್ಕಿಕಾಳಿನ ದಪ್ಪದಷ್ಟು ಮೇಲೇಳಲಿ. ಆಗ ಮೂತಿ ಸೂಜಿಯ ಪಕ್ಕಕ್ಕೆ ಬರುತ್ತದೆ. ಆ ಹೊತ್ತಿಗೆ ಅದು ಕಣ್ಣಿಗಿಂತ ತುಸು ಮೇಲಿರುವಂತೆ ಕಡ್ಡಿಯನ್ನು ಇಳಿಸಿ ಬಿಗಿ ಮಾಡು. ಈ ಒಂದು ಸಾಲು ಹಿಂದೆ ಬಿಟ್ಟುಹೋಗಿತ್ತು.

ಭಾವನವರಿಗೆ ನಮಸ್ಕಾರ. ಅತ್ತೆಯವರಿಗೂ.

ಹಾಲೇಶ

*

ಜಗಳೂರು
ತಾ. 18-7-1979

ಹಾಲೇಶ,

ನಿನ್ನ ಕಾರ್ಡು ಹದಿನಾಲ್ಕಕ್ಕೆ ಬಂತು. ಮಿಷಿನ್ನು ಹನ್ನೆರಡಕ್ಕೇ ಸರಿಹೋಗಿತ್ತು. ಇವರು ಓದಿದ್ದು ಕೇಳಿ ಅತ್ತೆ ಅಂದರು: "ನಿನ್ನ ತಮ್ಮ ಅಕ್ಕಿಕಾಳು ಕಳಿಸ್ಯಾನೆ ನೋಡು, ಬೇಯಿಸು, ಊರಿಗೆಲ್ಲ ಬಡಿಸಾನ."

ಹೇಗೆ ಸರಿಹೋಯಿತು ಎಂದು ಕೇಳಲು ನಿನಗೆ ಹಕ್ಕಿಲ್ಲ. ಆದರೂ ಹೇಳುತ್ತೇನೆ. ಹನ್ನೆರಡರ ಮಧ್ಯಾಹ್ನ ಮಿಷಿನ್ನಿನ ಮುಂದೆ ಕೂತು ಅಳುತ್ತಿದ್ದೆ. ಅತ್ತೆ ಬಂದು ಚಕ್ರದ ಹತ್ತಿರ ಕೂತರು. "ನಾನು ತಿರುಗಿಸ್ತೀನಿ, ನೀನು ಬಗ್ಗಿ ನೋಡು" ಅಂದರು. ದಾರ ಪೋಣಿಸಿಯೇ ತಿರುಗಿಸಿದೆವು. ನಿಧಾನವಾಗಿ, ಒಂದೊಂದು ಬೆರಳು. ಆಮೇಲೆ ಚಕ್ರ ನನ್ನ ಕೈಗೆ ಕೊಟ್ಟು ತಾವೇ ಬಗ್ಗಿದರು. ಅವರು ಸಣ್ಣವರಿದ್ದಾಗ ಹತ್ತಿ ನೂತವರು, ದಾರ ನೋಡುವ ಕಣ್ಣು ಅವರಿಗಿದೆ. "ಏ, ನಿಲ್ಲಿಸು ನಿಲ್ಲಿಸು" ಅಂದರು. "ಕೆಳಗೆ ಹೋಗುವಾಗ ದಾರ ಬಿಗಿಯಾಗೈತೆ. ಮೇಲಕ್ಕೆ ಎದ್ದಾಗ ನೋಡೇ, ದಾರ ಹೊಟ್ಟೆ ಬಿಡ್ತೈತೆ. ಆ ಹೊಟ್ಟೇನೇ ಅಲ್ವೇನೇ ಅದು ಹಿಡೀಬೇಕಾದ್ದು?"

ನಾನೂ ಬಗ್ಗಿದೆ. ಸೂಜಿ ಇಷ್ಟೇ ಇಷ್ಟು ಮೇಲೆದ್ದಾಗ ದಾರ ಪಕ್ಕಕ್ಕೆ ಸಣ್ಣ ಕುಣಿಕೆಯಾಗುತ್ತದೆ. ಮೂತಿ ಆ ಹೊತ್ತಿಗೇ ಬರುತ್ತಿತ್ತು, ಆದರೆ ಕಣ್ಣಿಗಿಂತ ಕೆಳಗೆ ಹಾದು ಹೋಗುತ್ತಿತ್ತು. ಕಡ್ಡಿಯನ್ನು ಅಷ್ಟು ಇಳಿಸಿ ಬಿಗಿ ಮಾಡಿದೆ. ಮೊದಲ ಹೊಲಿಗೆಯನ್ನು ಅತ್ತೆಯ ಸೆರಗಿನ ಅಂಚಿಗೇ ಹಾಕಿದೆ. ಒಂದೂ ತಪ್ಪಲಿಲ್ಲ. ಅವರು ಸೆರಗನ್ನು ಎಳೆದು ನೋಡಿಕೊಂಡು, "ಕೌದಿ ಇನ್ನು ಕೈಯಾಗೇ ಹೊಲೀತೀನಿ ಬಿಡವ್ವ" ಅಂದರು. ಅಷ್ಟೇ ಅಂದದ್ದು. ನನಗೆ ಅದು ಬೇಕಾದಷ್ಟಾಯಿತು.

ಹದಿನಾರಕ್ಕೆ ಮೇಡಮ್ಮು ಬಂದರು. ಒಂದು ಕಾಲರು, ಒಂದು ಕಾಜಾ ಪಟ್ಟಿ ಹೊಲಿಸಿದರು. ಆಮೇಲೆ ಇಬ್ಬರ ಸೂಜಿಯನ್ನೂ ತಾವೇ ಕಳಚಿ, ತಿರುಗುಮುರುಗು ಹಾಕಿ, ಈಗ ಹೊಲಿಯಿರಿ ಅಂದರು. ಲಕ್ಷ್ಮಕ್ಕ ಪೆಡಲು ತುಳಿದೇ ತುಳಿದಳು. ನಾನು ನೋಡಿದೆ, ಕಳಚಿದೆ, ಸರಿಯಾಗಿ ಹಾಕಿದೆ. ಕ್ಲಾಸು ನನ್ನದಾಯಿತು. ಇದೇ ಇಪ್ಪತ್ತಮೂರಕ್ಕೆ ಶುರು, ಹನ್ನೊಂದು ಹುಡುಗಿಯರು. ಹಾಗಾಗಿ ಈ ಪಂಚಮಿಗೂ ಬರುವುದಾಗುವುದಿಲ್ಲ. ಅವ್ವನಿಗೆ ಈ ಸಲ ನಿಜವನ್ನೇ ಬರೆದಿದ್ದೇನೆ.

ನನ್ನ ಸಿಟ್ಟು ಇಳಿದಿದೆ ಎಂದುಕೊಳ್ಳಬೇಡ. ಅದನ್ನು ಇಳಿಸಬೇಕಾದ ಕಡೆ ಇಳಿಸಿದ್ದೇನೆ. ನಿನ್ನ ನಕಲು ಕೇಳಿಯೂ ಬರಾಬರ್ ಅಂದ ಗೌಸ್‌ಪೀರ್ ಸಾಬರಿಗೆ ನಿನ್ನೆಯೇ ಒಂದು ಕಾರ್ಡು ಹಾಕಿದೆ. ಮೂವತ್ತು ವರ್ಷ ಮಿಷಿನ್ನು ಬಿಚ್ಚಿದವರು ಇರುವುದೊಂದು ಮುಖ್ಯ ಮಾತನ್ನು ನುಂಗಿಕೊಂಡು ಅರ್ಧ ವಿದ್ಯೆ ಹೇಳಿ ಕಳಿಸಿದಿರಿ, ದೂರದಲ್ಲಿರುವ ಹೆಣ್ಣುಮಗಳನ್ನು ತಿಂಗಳುಗಟ್ಟಲೆ ಅಳಿಸಿದಿರಿ, ನಿಮ್ಮನ್ನು ದೊಡ್ಡವರು ಎಂದು ತಿಳಿದಿದ್ದೆ ಎಂದು ಬರೆದಿದ್ದೇನೆ.

ಗಂಗಕ್ಕ

*

ಹೊನ್ನಾಳಿ
ತಾ. 24-7-1979

ಮಹಿಳಾ ಮಂಡಳಿ ಹೊಲಿಗೆ ವಿದ್ಯಾಪೀಠದ ಆದ್ಯ ಆಚಾರ್ಯೆ, ಹನ್ನೊಂದು ಶಿಷ್ಯೆಯರ ಒಡತಿ, ಲಕ್ಷ್ಮಕ್ಕ ಗರ್ವಭಂಜಿನಿ ಶಿವಗಂಗಮ್ಮನವರಿಗೆ,

ಅಭಿನಂದನೆ. ಇಷ್ಟನ್ನು ಬರೆದು ನನ್ನ ಮರ್ಯಾದೆ ಮುಗಿಯಿತು. ಇನ್ನು ಸಿಟ್ಟು.

ಮಿಷಿನ್ನು ಕೆಟ್ಟರೂ ಬರುವುದಿಲ್ಲ, ಸರಿಹೋದರೂ ಬರುವುದಿಲ್ಲ. ಕೈಬೀಸಿಕೊಂಡು ಬರುತ್ತೇನೆ ಎಂದು ಬರೆದವಳು ಕೈಬೀಸಲು ಪುರುಸೊತ್ತಿಲ್ಲದ ಕೆಲಸ ಹಿಡಿದು ಕೂತಿದ್ದೀ. ಅವ್ವ ನಿನ್ನ ನಿಜದ ಪತ್ರ ಕೇಳಿ, ಜ್ವರದ ಪತ್ರವೇ ವಾಸಿಯಿತ್ತು ಅಂದಳು.

ನಿನ್ನ ಕಾರ್ಡು ಸಾಬರಿಗೆ ತಲುಪಿದೆ. ಅವರಿಗೆ ಕನ್ನಡ ಓದಲು ಬಾರದು. ಅಂಚೆಯವನು ಬಸ್‌ಸ್ಟ್ಯಾಂಡಿನ ನಡುವೆ ನಿಂತು, ಸವಳಂಗದ ಬಸ್ಸಿಗೆ ಕಾದಿದ್ದ ಜನವೆಲ್ಲ ಕೇಳುವಂತೆ ಓದಿದ್ದಾನೆ. ಸಾಬರು ಕಾರ್ಡನ್ನು ಮಡಿಚದೆ, ಒದ್ದೆ ಬಟ್ಟೆಯ ಹಾಗೆ ಎರಡು ಬೆರಳಲ್ಲಿ ಹಿಡಿದುಕೊಂಡು ನಮ್ಮ ಮನೆಗೇ ಬಂದರು. ಕೂರಿ ಅಂದರೆ ಕೂರಲಿಲ್ಲ. ಚಾ ಕೊಟ್ಟರೆ ಮುಟ್ಟಲಿಲ್ಲ.

"ಏನಪ್ಪಾ ಹಾಲೇಶಪ್ಪ, ಆ ಹುಡುಗಿಗೆ ಸೂಜೀಗೆ ದಾರ ಹಾಕೋದು ಕಲಿಸಿದ್ದು ನಾನು. ಅರ್ಧ ವಿದ್ಯೆ ಹೇಳ್ದೆ ಅಂತ ಬರ್ದಾಳೆ. ನಾನು ಅರ್ಧ ಹೇಳಿದ್ನೇನಪ್ಪಾ? ನೀನೇ ಹೇಳು. ಮರ್ತಿದ್ರೆ ಮರ್ತೀನಿ ಅಂತ ಹೇಳು, ವಯಸ್ಸಾಗೈತೆ, ಒಪ್ಕೊಂತೀನಿ."

ಅಪ್ಪ ನನ್ನ ಮುಖ ನೋಡಿದ. ಅವ್ವ ನೋಡಿದಳು. ನಾನು ಬಾಯಿ ಬಿಡಲಿಲ್ಲ. ಸಾಬರು "ಆಯ್ತು, ಹಂಗಾದ್ರೆ ಮರ್ತಿರಬೇಕು ಬಿಡು" ಎಂದು ಹೊರಟುಹೋದರು. ಎರಡು ದಿನದಿಂದ ಅಂಗಡಿಯ ಬಾಗಿಲು ತೆಗೆದಿಲ್ಲ. ವಿಚಾರಿಸದೆ ಕಾರ್ಡು ಹಾಕಿದ ನಿನ್ನ ಮೇಲೆ ನನಗೆ ಬಂದಿರುವ ಸಿಟ್ಟು ಅಷ್ಟಿಷ್ಟಲ್ಲ. ಬೇರೆಯವರ ಮೇಲಿನ ಸಿಟ್ಟೂ ಅದರಲ್ಲಿ ಸೇರಿರಬಹುದು.

ಇವತ್ತೇ ಸಾಬರಿಗೆ ಇನ್ನೊಂದು ಕಾರ್ಡು ಬರಿ. ಕಾರ್ಡೇ ಬರಿ, ಅಂಚೆಯವನು ಅದನ್ನೂ ಅಲ್ಲೇ ನಿಂತು ಓದಲಿ. ಏನು ಬರೆಯಬೇಕೆಂದರೆ, ಅರ್ಧ ಹೇಳಿದವನು ನನ್ನ ತಮ್ಮ ಎಂದು ಬರಿ.

ಅಕ್ಕಿಕಾಳಿನ ಮಾತನ್ನು ಸಾಬರು ಮೊದಲನೆಯ ದಿನವೇ ಹೇಳಿದ್ದರು. ಎರಡು ಸಲ ಹೇಳಿ, ನನ್ನ ಬಾಯಲ್ಲೂ ಹೇಳಿಸಿದ್ದರು. ನಾನು ಅದನ್ನು ಹದಿನಾರರ ಪತ್ರದಲ್ಲಿ ಬರೆದೂ ಇದ್ದೆ. ಆಮೇಲೆ ಆ ಹಾಳೆ ಹರಿದು, ಆ ಒಂದು ಸಾಲು ಬಿಟ್ಟು ಇನ್ನೊಂದು ಹಾಳೆಯಲ್ಲಿ ಬರೆದೆ. ಸಾಬರಿಗೆ ನಕಲು ಓದಿ ಹೇಳಿದೆ ಎಂದದ್ದೂ ಸುಳ್ಳು. ಮಿಷಿನ್ನು ಸರಿಹೋದರೆ ನೀನು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು.

ಹಾಲೇಶ